ಹೋಗಲಾ ಯಜಮಾನ್ರೇ?

ನನ್ನ ಅಕ್ಷರ ಚೆನ್ನಾಗಿದೆ ಎಂಬ ಸೊಕ್ಕು ನನಗೆ ಚಿಕ್ಕಂದಿನಿಂದಲೂ ಇತ್ತು. ಅದು ಇಳಿದದ್ದು ಹೋದ ವರ್ಷ, ನೂರು ಜನರ ಎದುರಿಗೆ. ಆ ಕಥೆ ಹೇಳಬೇಕಾದರೆ ಮೊದಲು ಅಂಚೆಯಕ್ಕನ ವಿಷಯ ಹೇಳಬೇಕು. ಕಥೆ ಅವಳದು. ತಪ್ಪು ಮಾತ್ರ ನನ್ನದು.

ನಮ್ಮದು ಹೊಳೆ ಸಮುದ್ರ ಸೇರುವ ಅಳಿವೆಯ ದಡದ ಊರು. ಅಂಚೆ ಕಚೇರಿ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಕೌಂಟರು, ಅದರ ಹಿಂದೆ ನಾನು, ನನ್ನ ಪಕ್ಕದಲ್ಲಿ ಒಣಗಿದ ಅಂಟಿನ ಡಬ್ಬಿ. ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು. ಬೆಳಗ್ಗೆ ಎಂಟಕ್ಕೆ ಚೀಲ ಬಿಚ್ಚಿ ಸುರಿದರೆ ಅಂಚೆಯಕ್ಕ ನಿಂತುಕೊಂಡೇ ಕಾಗದ ವಿಂಗಡಿಸುತ್ತಾಳೆ. ಮನೆ ನಂಬರಿನ ಪ್ರಕಾರ ಅಲ್ಲ, ತನ್ನ ಕಾಲು ಹೋಗುವ ಪ್ರಕಾರ. ಮೊದಲು ಅಳಿವೆಯ ಹತ್ತಿರದ ಮನೆಗಳು, ಆಮೇಲೆ ಹೊಳೆಯ ದಂಡೆಗುಂಟ ಮೇಲೆ, ಕೊನೆಗೆ ಹಳೇ ಸೇತುವೆಯ ಆಚೆಯ ನಲವತ್ತು ಮನೆ. ಮೂವತ್ತೊಂದು ವರ್ಷದಿಂದ ಇದೇ ಕ್ರಮ. ಹೊಸ ಸಾಹೇಬರೊಬ್ಬರು ಬಂದು ನಂಬರಿನ ಪ್ರಕಾರ ಜೋಡಿಸು ಎಂದಾಗ, “ಸಾರ್, ಮನೆಗಳು ನಂಬರ್ ನೋಡ್ಕೊಂಡು ನಿಂತಿಲ್ಲ, ಹೊಳೆ ನೋಡ್ಕೊಂಡು ನಿಂತಿವೆ,” ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಅವಳಿಗಿಂತ ಮೊದಲು ಈ ಚೀಲ ಹೊತ್ತವರು ಅವಳ ಅಪ್ಪ. ಅವರು ದಂಡೆಯ ಮೇಲೆ ಹೋಗುತ್ತಿರಲಿಲ್ಲ, ಲಾರಿ ರಸ್ತೆಯಲ್ಲಿ ಹೋಗುತ್ತಿದ್ದರು. ಲಾರಿ ರಸ್ತೆಗೆ ನಡೆಯುವವರಿಗೆಂದು ಅಂಚು ಎಂಬುದೇ ಇಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ತಡೆಗೋಡೆ, ನಡುವೆ ಒಂದರ ಹಿಂದೊಂದು ಲಾರಿ. ಅದರ ಎರಡನೇ ತಿರುವಿನಲ್ಲಿ ಒಂದು ಮಂಜಿನ ಬೆಳಗ್ಗೆ ಅವರು ಲಾರಿಗೆ ಸಿಕ್ಕಿ ಹೋದರು. ಕಾಗದಗಳು ರಸ್ತೆಯುದ್ದಕ್ಕೂ ಹರಡಿಕೊಂಡಿದ್ದವಂತೆ. ಇಪ್ಪತ್ತೆರಡು ವರ್ಷದ ಮಗಳು ಅವನ್ನೆಲ್ಲ ಆರಿಸಿ, ಒರೆಸಿ, ಆ ದಿನವೇ ಹಂಚಿ ಮುಗಿಸಿದಳು. ಅಪ್ಪನ ಕೆಲಸ ಅವಳಿಗೆ ಸಿಕ್ಕಿತು. ಲಾರಿ ರಸ್ತೆಗೆ ಮಾತ್ರ ಕಾಲಿಡುವುದಿಲ್ಲ ಎಂದು ಶಪಥ ಮಾಡಿದಳು.

“ದಂಡೆ ಮೇಲೆ ಅಷ್ಟು ಚೆಂದದ ದಾರಿ ಇತ್ತು ಕಣೋ ತಮ್ಮ, ಅರ್ಧ ಗಂಟೆ ಹತ್ತಿರ ಬೇರೆ. ನಮ್ಮಪ್ಪ ಯಾಕೆ ಆ ಸಾಯೋ ರಸ್ತೆ ಹಿಡಿದ ಅಂತ ನಂಗಿವತ್ತಿಗೂ ಅರ್ಥ ಆಗಿಲ್ಲ. ಶುದ್ಧ ದಡ್ಡ,” ಎನ್ನುತ್ತಿದ್ದಳು. ವರ್ಷಕ್ಕೆ ಎರಡು ಮೂರು ಸಲವಾದರೂ ಈ ಮಾತು ಬರುತ್ತಿತ್ತು. ಸತ್ತ ಅಪ್ಪನ ಮೇಲೆ ಅಷ್ಟು ಸಿಟ್ಟಿಟ್ಟುಕೊಂಡ ಮಗಳನ್ನು ನಾನು ಬೇರೆ ಕಂಡಿಲ್ಲ.

ದಂಡೆಯ ದಾರಿಗೆ ಹೋಗಬೇಕಾದರೆ ಒಂದು ಮರದ ಗೇಟು ದಾಟಬೇಕು. ಗೇಟಿನ ಒಳಗಿನ ಹುಲ್ಲುಗಾವಲು ಒಬ್ಬ ಯಜಮಾನರದು. ಊರವರು ಅವರಿಗೆ ಇಟ್ಟ ಹೆಸರು ಗುಮ್ಮ. ಮಕ್ಕಳನ್ನು ಹೆದರಿಸುವವರೆಂದಲ್ಲ, ಬಾಯಿ ಬಿಡದ ಗುಮ್ಮನಗುಸುಕ ಆಸಾಮಿ ಎಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ನೋಡಿದ್ದೇನೆ. ಇವರು ದೀಪವನ್ನೇ ಹಚ್ಚುವವರಲ್ಲ. ಹುಲ್ಲು ಕೊಯ್ಯುತ್ತಿರುತ್ತಾರೆ, ಇಲ್ಲವೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿರುತ್ತಾರೆ. ಮೊದಲ ದಿನ ಅಂಚೆಯಕ್ಕ ಅಪ್ಪನ ಚೀಲ ಹೊತ್ತು ಆ ಗೇಟಿಗೆ ಬಂದು, “ಹೋಗಲಾ ಯಜಮಾನ್ರೇ?” ಎಂದಳು. ಅವರು ತಲೆ ಎತ್ತಲಿಲ್ಲ. ಅವಳು ಹೊರಟೇಬಿಟ್ಟಳು. ಮರುದಿನ ಮತ್ತೆ ಕೇಳಿದಳು. ಉತ್ತರವಿಲ್ಲ. ಹೀಗೆ ಮೂವತ್ತೊಂದು ವರ್ಷ, ರಜಾದಿನ ಬಿಟ್ಟು, ಬೆಳಗ್ಗೆ ಒಂಬತ್ತೂವರೆಗೆ ಒಂದು ಪ್ರಶ್ನೆ. ಒಂದು ದಿನಕ್ಕಾದರೂ ಉತ್ತರ ಬರಲಿಲ್ಲ.

“ಬೇಜಾರಾಗಲ್ವಾ ಅಕ್ಕ?” ಎಂದು ಒಮ್ಮೆ ಕೇಳಿದ್ದೆ.

“ಆಗದೆ ಏನು? ನಾಯೀನ ಮಾತಾಡಿಸಿದ್ರೆ ಬಾಲನಾದ್ರೂ ಅಲ್ಲಾಡಿಸುತ್ತೆ. ಆದ್ರೆ ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಾಗಂದ್ಕೊಂಡು ಹೋಗ್ತೀನಿ. ಕೇಳೋದು ನಮ್ಮ ಮರ್ಯಾದೆ, ಹೇಳೋದು ಬಿಡೋದು ಅವರ ಮರ್ಯಾದೆ.”

ಒಂದು ವಿಷಯವಿದೆ, ಅದನ್ನು ಆಗ ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಗೇಟಿನ ಚಿಲಕ ಯಾವತ್ತೂ ತುಕ್ಕು ಹಿಡಿಯುತ್ತಿರಲಿಲ್ಲ. ಒಳಗೆ ಕೆಸರು ನಿಲ್ಲುವ ಕಡೆ ಯಾರೋ ಚಪ್ಪಟೆ ಕಲ್ಲುಗಳನ್ನು ಹಾಕಿದ್ದರು, ಒಂದೊಂದೂ ಒಂದು ಹೆಜ್ಜೆಯ ದೂರಕ್ಕೆ. ದನಗಳಿಗೆ ಹಾಕಿರಬೇಕು ಎಂದುಕೊಂಡಿದ್ದಳು ಅಕ್ಕ.

ಹೀಗಿರುವಾಗ ಸಮುದ್ರ ತೀರದ ನಡೆದಾರಿ ಬಂತು. ತೀರದುದ್ದಕ್ಕೂ ತಿಂಗಳುಗಟ್ಟಲೆ ನಡೆಯುವಂಥ ಒಂದೇ ದಾರಿ ಮಾಡುವುದು ಸರ್ಕಾರದ ಯೋಜನೆ. ನಮ್ಮೂರಲ್ಲಿ ಅದಕ್ಕೆ ಹೊಳೆ ಅಡ್ಡ. ಅಳಿವೆ ಅಗಲ, ಸೇತುವೆ ಇಲ್ಲ. ಆದ್ದರಿಂದ ದಾರಿ ಸಮುದ್ರ ಬಿಟ್ಟು ಹೊಳೆಯ ಕಣಿವೆಯೊಳಗೆ ತಿರುಗಿ, ಹಳೇ ಸೇತುವೆಯವರೆಗೆ ಮೇಲೆ ಹೋಗಿ, ಆಚೆ ದಂಡೆಯಲ್ಲಿ ಮತ್ತೆ ಸಮುದ್ರಕ್ಕೆ ಇಳಿಯಬೇಕು. ನಡೆದಾರಿ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕೋಲಿಗೆ ಸಿಕ್ಕಿಸಿದ ಒಂದು ಚಕ್ರವನ್ನು ಉರುಳಿಸಿಕೊಂಡು ಅಕ್ಕನ ಹಿಂದೆಯೇ ದಂಡೆಯುದ್ದಕ್ಕೂ ಅಳೆದರು. ಅಕ್ಕನಿಗೆ ಹಿಗ್ಗೋ ಹಿಗ್ಗು. “ನನ್ನ ದಾರೀಲಿ ಪರದೇಶದವರೂ ನಡೀತಾರಂತೆ,” ಎಂದು ಕೌಂಟರಿಗೆ ಬಂದವರಿಗೆಲ್ಲ ಹೇಳಿದಳು.

ನಡೆದಾರಿಯ ನಕ್ಷೆಯನ್ನು ನಮ್ಮ ಕಚೇರಿಯ ಗೋಡೆಗೆ ಅಂಟಿಸಿದ ವಾರಕ್ಕೆ ಗೇಟಿಗೆ ಬೀಗ ಬಿತ್ತು. ಗುಮ್ಮ ಹಾಕಿದ್ದಲ್ಲ. ಅವರ ಮಗಳ ಗಂಡ ಹಾಕಿದ್ದು. ವ್ಯವಹಾರವೆಲ್ಲ ಈಗ ಆ ಅಳಿಯನ ಕೈಯಲ್ಲಿತ್ತು, ದಂಡೆಯ ಮೇಲೆ ಪ್ರವಾಸಿಗರ ಕಾಟೇಜು ಕಟ್ಟಿಸುವ ಯೋಚನೆ ಅವನದು. ಕಾಟೇಜಿನ ಕಿಟಕಿಯ ಮುಂದೆ ಬೆನ್ನಿಗೆ ಚೀಲ ಕಟ್ಟಿಕೊಂಡವರು ಸಾಲುಗಟ್ಟಿ ಹೋದರೆ ಯಾರಿಗೆ ಬೇಕು? ಆ ಬೆಳಗ್ಗೆ ಅಕ್ಕ ಬೀಗದ ಮುಂದೆ ಅರ್ಧ ಗಂಟೆ ನಿಂತಿದ್ದಳಂತೆ. ಆಮೇಲೆ ವಾಪಸು ಬಂದು, ಲಾರಿ ರಸ್ತೆಯ ಕಡೆ ನಡೆದಳು. ನಾನು ಕೌಂಟರು ಬಿಟ್ಟು ಬಾಗಿಲಿಗೆ ಓಡಿದೆ. ಅವಳ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತೆ. ನಾಲ್ಕು ತಿಂಗಳು ದಿನಾ ಅದೇ ನೋಟ. ಅವಳು ಮರಳಿ ಬರುವವರೆಗೆ ನಾನು ಒತ್ತಿದ ಮುದ್ರೆಗಳಿಗೆ ಲೆಕ್ಕವಿಲ್ಲ, ಅರ್ಧಕ್ಕರ್ಧ ವಾರೆ ಬಿದ್ದವು.

ಮೇಡಂ ನಿಯಮ ಹೇಳಿದರು. ಇಪ್ಪತ್ತು ವರ್ಷ ಜನ ಒಂದು ದಾರಿಯಲ್ಲಿ ರಾಜಾರೋಷವಾಗಿ, ಯಾರೂ ತಡೆಯದೆ ನಡೆದಿದ್ದರೆ ಅದು ಜನರ ದಾರಿ. ಬೀಗ ಹಾಕುವ ಹಕ್ಕು ಯಾರಿಗೂ ಇಲ್ಲ. ಅದು ಸಾಬೀತಾಗದಿದ್ದರೆ ನಡೆದಾರಿಯನ್ನು ಲಾರಿ ರಸ್ತೆಯ ಮೇಲೆಯೇ ಒಯ್ಯಬೇಕಾಗುತ್ತದೆ. ಬೇರೆಯವರು ದಂಡೆಯಲ್ಲಿ ಆಗೊಮ್ಮೆ ಈಗೊಮ್ಮೆ ಹೋದವರು. ದಿನ ತಪ್ಪದೆ ಹೋದವಳು ಅಂಚೆಯಕ್ಕ ಒಬ್ಬಳೇ. ಅವಳ ಸಾಕ್ಷಿಯೇ ಎಲ್ಲ.

“ಆ ತಿರುವಲ್ಲಿ ಇನ್ನೊಬ್ಬರು ನಡೆಯೋ ಹಾಗೆ ಆಗಬಾರದು ಕಣೋ. ನನ್ನ ಹೇಳಿಕೆ ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ,” ಎಂದಳು ಅಕ್ಕ.

ಬರೆದೆ. ನನ್ನ ಕೈ ಕಡಿಯಬೇಕು! ಅವಳು ಹೇಳಿದ್ದು ಇಷ್ಟೇ: “ದಿನಾ ಕೇಳ್ತಿದ್ದೆ, ಹೋಗ್ತಿದ್ದೆ.” ನನಗೆ ಅದು ತೀರಾ ಬೋಳು ಅನ್ನಿಸಿತು. ಇಂಥ ಸಭ್ಯ ಹೆಂಗಸಿನ ಸಭ್ಯತೆ ಸರ್ಕಾರಕ್ಕೆ ಗೊತ್ತಾಗಬೇಡವೇ? ಅರ್ಜಿಯ ಭಾಷೆಯನ್ನು ಅರೆದು ಕುಡಿದವನು ನಾನು. “ಪ್ರತಿದಿನವೂ ಭೂಮಾಲೀಕರ ಅನುಮತಿಯನ್ನು ವಿನಯಪೂರ್ವಕವಾಗಿ ಪಡೆದು, ಅವರ ಕೃಪೆಯಿಂದ ಸದರಿ ದಾರಿಯಲ್ಲಿ ಸಂಚರಿಸಿರುತ್ತೇನೆ” ಎಂದು ದುಂಡಗೆ ಬರೆದು, ಓದಿ ಹೇಳಿದೆ. “ಅಬ್ಬಾ, ನಾನೇನಾ ಇದು?” ಎಂದು ನಕ್ಕು ಸಹಿ ಹಾಕಿದಳು. ಆ ಸಂಜೆಯೇ ಕಾಗದ ವಿಚಾರಣಾಧಿಕಾರಿಗೆ ಹೋಯಿತು.

ವಿಚಾರಣೆಗೆ ಎರಡು ದಿನ ಮುಂಚೆ ಮೇಡಂ ಕೌಂಟರಿಗೆ ಬಂದರು. ಕೈಯಲ್ಲಿ ನಾನು ಬರೆದ ಹೇಳಿಕೆ.

“ಇದನ್ನ ಯಾರು ಬರೆದಿದ್ದು?”

“ನಾನೇ. ಅಕ್ಷರ ಸರಿಯಾಗಿ ಕಾಣಲ್ವಾ?”

“ಅಕ್ಷರ ಸರಿಯಾಗೇ ಇದೆ. ದಾರಿ ಹೋಯ್ತು ಅಷ್ಟೇ.” ಅವರು ಕಾಗದವನ್ನು ಕೌಂಟರಿನ ಮೇಲಿಟ್ಟರು. “ಅನುಮತಿ ತಗೊಂಡು ನಡೆದ್ರೆ ಅದು ಹಕ್ಕಲ್ಲ ಸ್ವಾಮಿ, ಉಪಕಾರ. ಕೊಟ್ಟವರು ಯಾವತ್ತು ಬೇಕಾದ್ರೂ ವಾಪಸ್ ತಗೋಬಹುದು. ಇಪ್ಪತ್ತಲ್ಲ, ಇನ್ನೂರು ವರ್ಷ ನಡೆದ್ರೂ ಏನೂ ಉಪಯೋಗ ಇಲ್ಲ. ಇದರ ನಕಲು ಆಗಲೇ ಅವರ ವಕೀಲರ ಕೈಲಿದೆ.”

ಹಿಂದಿನ ಕೋಣೆಯಿಂದ ಅಕ್ಕ ಕೈಯಲ್ಲಿ ಕಾಗದದ ಕಟ್ಟು ಹಿಡಿದೇ ಹೊರಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಅಂದ್ರೆ, ನಾನು ಕೇಳದೆ ನುಗ್ಗಿದ್ರೆ ದಾರಿ ಉಳೀತಿತ್ತು. ಮರ್ಯಾದೆಯಾಗಿ ಕೇಳಿದ್ದಕ್ಕೆ ಹೋಯ್ತು. ಅಲ್ವಾ ಮೇಡಂ?”

ಮೇಡಂ ಹೌದೆಂದು ತಲೆಯಾಡಿಸಿದರು. ಇಂಥ ಕಾನೂನು ಬರೆದ ಪುಣ್ಯಾತ್ಮರು ಜೀವಮಾನದಲ್ಲಿ ಒಬ್ಬರ ಗೇಟು ದಾಟಿದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಮೇಡಂ ಹೋದ ಮೇಲೆ ನಾನು ಅಕ್ಕನ ಕಾಲಿಗೆ ಬೀಳುವುದೊಂದು ಬಾಕಿ. “ನಾನು ಕೇಳಲೇ ಇಲ್ಲ, ಇವನು ಮೈಮೇಲೆ ಎಚ್ಚರ ಇಲ್ಲದೆ ಏನೇನೋ ಬರೆದ ಅಂದ್ಬಿಡು ಅಕ್ಕ. ನನ್ನ ಕೆಲಸ ಹೋದ್ರೂ ಚಿಂತೆ ಇಲ್ಲ,” ಎಂದೆ.

“ಮೂವತ್ತೊಂದು ವರ್ಷ ಊರಿನ ಕಾಗದ ಹೊತ್ತಿದೀನಿ. ಒಂದನ್ನಾದ್ರೂ ಬೆಳಕಿಗೆ ಹಿಡಿದು ನೋಡಿದವಳಲ್ಲ. ಈಗ ನಾಲ್ಕು ಜನರ ಮುಂದೆ ಸುಳ್ಳು ಹೇಳಲಾ?” ಎಂದಳು. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ವಿಚಾರಣೆ ಪುರಸಭೆಯ ಮಹಡಿಯ ಮೇಲೆ. ಮಡಚುವ ಕುರ್ಚಿಗಳು ಸಾಲದೆ ಅರ್ಧ ಊರು ಗೋಡೆಗೆ ಒರಗಿ ನಿಂತಿತ್ತು. ವಿಚಾರಣಾಧಿಕಾರಿ ಕನ್ನಡಕದ ಮೇಲಿಂದ ನೋಡುವ ಸಣಕಲು ಮನುಷ್ಯ. ಅಳಿಯನ ವಕೀಲರು ನಾನು ಬರೆದದ್ದನ್ನು ನಿಧಾನವಾಗಿ, ರುಚಿ ನೋಡುತ್ತ ಓದಿದರು. “ಅವರ ಕೃಪೆಯಿಂದ” ಎನ್ನುವಲ್ಲಿ ನಿಲ್ಲಿಸಿ, ಅದನ್ನು ಮತ್ತೊಮ್ಮೆ ಓದಿದರು. ನನ್ನದೇ ಮಾತು ನನ್ನ ಕಪಾಳಕ್ಕೆ ಬಾರಿಸುತ್ತಿತ್ತು.

“ದಿನಾ ಕೇಳಿದ್ದು ನಿಜವೇನಮ್ಮ?” ಎಂದರು ಅಧಿಕಾರಿ.

“ನಿಜ ಸಾರ್.”

ಅಲ್ಲಿಗೆ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಅಳಿಯ ಗೆದ್ದಿದ್ದ. ಆದರೆ ಸತ್ತ ಹಾವನ್ನು ಮತ್ತೊಮ್ಮೆ ಹೊಡೆಯುವ ಚಪಲ ಕೆಲವರಿಗೆ. “ನಮ್ಮ ಮಾವನವರೇ ಬಂದಿದ್ದಾರೆ, ಅವರ ಬಾಯಿಂದಲೇ ಕೇಳಿ,” ಎಂದು ಗುಮ್ಮನನ್ನು ಮುಂದಕ್ಕೆ ಕರೆದ. ಆಮೇಲೆ ತಿಳಿಯಿತು, ಮನೆಯಲ್ಲಿ ಅವನು ಮಾವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಕೊಟ್ಟಿದ್ದನಂತೆ. ಮಾವ ಎಂದಿನಂತೆ ತುಟಿ ಬಿಚ್ಚಿರಲಿಲ್ಲ. ಅವನೂ ಮೌನವೇ ಸಮ್ಮತಿ ಎಂದುಕೊಂಡಿದ್ದ.

ಎಂಬತ್ತರ ಮುದುಕ ಮೇಜು ಹಿಡಿದು ನಿಂತರು. ಅವರ ಧ್ವನಿ ಹೇಗಿದೆ ಎಂದು ಊರಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

“ಈ ಅಂಚೆಯವರು ನಿಮ್ಮನ್ನ ಕೇಳ್ತಿದ್ರಾ?” ಎಂದರು ಅಧಿಕಾರಿ.

“ಕೇಳ್ತಿದ್ಲು. ದಿನಾ. ತಲೆ ಚಿಟ್ಟು ಹಿಡಿಯೋ ಹಾಗೆ.”

ಅಳಿಯ ಮುಗುಳ್ನಕ್ಕ.

“ನೀವು ಹೋಗು ಅಂದ್ರಾ?”

“ಇಲ್ಲ.”

“ಬೇಡ ಅಂದ್ರಾ?”

“ಇಲ್ಲ.”

“ಮತ್ತೇನಂದ್ರಿ?”

“ಏನೂ ಅನ್ನಲಿಲ್ಲ.”

“ಮೂವತ್ತೊಂದು ವರ್ಷ?”

“ಹೂಂ.”

ವಕೀಲರು ಎದ್ದು ನಿಂತು, “ಸ್ವಾಮಿ, ಮೌನಂ ಸಮ್ಮತಿ ಲಕ್ಷಣಂ,” ಎಂದರು. ಅಧಿಕಾರಿ ಕೈ ಎತ್ತಿ ಅವರನ್ನು ಕೂರಿಸಿದರು. “ಯಾಕೆ ಸುಮ್ಮನಿದ್ರಿ ಅಜ್ಜಾ? ಸಮ್ಮತಿ ಅಂತಲಾ?”

ಮುದುಕ ಮೇಜಿನ ಅಂಚು ಸವರಿದರು. “ಹೋಗು ಅನ್ನೋಕೆ ಅದು ನಂದಾಗಿರಬೇಕಲ್ಲ? ನಮ್ಮಪ್ಪ ಸಾಯೋವಾಗ ಹೇಳಿದ್ದ, ದಂಡೆ ನಡೆಯೋರದ್ದು ಮಗ, ನಾವು ಬರೀ ಹುಲ್ಲು ಕೊಯ್ಯೋರು ಅಂತ. ಹೋಗು ಅಂದ್ರೆ ನಂದು ಅಂದಂಗಾಯ್ತು. ಬೇಡ ಅಂದ್ರೂ ನಂದು ಅಂದಂಗಾಯ್ತು. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

ಅಳಿಯನ ಮುಗುಳ್ನಗೆ ಮುಖದ ಮೇಲೆಯೇ ಒಣಗಿತು. ಮೇಡಂ ಕುರ್ಚಿಯಿಂದ ಅರ್ಧ ಎದ್ದರು. ಗೋಡೆಗೆ ಒರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನುಮತಿ ಕೇಳಿದ್ದಳು, ಆದರೆ ಕೊಟ್ಟವರಿಲ್ಲ. ದಾರಿ ಉಳಿಯಿತು! ನಾನು ಅಕ್ಕನ ಕೈ ಹಿಡಿದು ಅಲ್ಲಾಡಿಸಿದೆ, ನನ್ನ ಕಣ್ಣಲ್ಲಿ ನೀರು. ಅವಳೂ ನಕ್ಕಳು. ಮೂವತ್ತೊಂದು ವರ್ಷದ ಅವಮಾನಕ್ಕೆ ಇಂಥ ಅರ್ಥವಿತ್ತೇ ಎನ್ನುವ ನಗು.

“ಸರಿ, ಕೂತ್ಕೊಳ್ಳಿ ಅಜ್ಜಾ,” ಎಂದರು ಅಧಿಕಾರಿ.

ಅವರು ಕೂರಲಿಲ್ಲ. ಒಮ್ಮೆ ತೆರೆದ ಬಾಯಿ ಮುಚ್ಚುವುದು ಅವರಿಗೆ ಗೊತ್ತಾಗಲಿಲ್ಲವೋ ಏನೋ.

“ಅವಳಪ್ಪನೂ ಕೇಳಿದ್ದ,” ಎಂದರು.

ಅಕ್ಕನ ಕೈ ನನ್ನ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಂಡು ಅವಳು ಮುದುಕರ ಕಡೆ ತಿರುಗಿದಳು.

“ಒಂದೇ ಸಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ. ಹೀಗೇ ಗೇಟಿನ ಹತ್ರ ನಿಂತು, ಹೋಗಲಾ ಯಜಮಾನ್ರೇ ಅಂದ. ನಾನು ಸುಮ್ಮನಿದ್ದೆ. ಅವನು ಕಾದ. ಟೋಪಿ ತೆಗೆದು ಕೈಲಿ ಹಿಡ್ಕೊಂಡು ತುಂಬ ಹೊತ್ತು ಕಾದ. ಆಮೇಲೆ, ತಪ್ಪಾಯ್ತು ಅಂತ ಹೇಳಿ ತಿರುಗಿ ಹೋದ. ಲಾರಿ ರಸ್ತೆಗೆ.” ಮುದುಕ ಅಕ್ಕನ ಕಡೆ ಕೈ ತೋರಿಸಿದರು. “ಇವಳು ಕಾಯಲಿಲ್ಲ. ಕೇಳಿದ್ಲು, ಹೋದ್ಲು. ಬದುಕಿದ್ಲು.”

ಅಪ್ಪ ಮೌನವನ್ನು ಬೇಡ ಎಂದುಕೊಂಡಿದ್ದರು, ಮಗಳು ಹೂಂ ಎಂದುಕೊಂಡಿದ್ದಳು. ಅಕ್ಕ ಅಳಲಿಲ್ಲ, ಕೂಗಲಿಲ್ಲ. ಕಣ್ಣು ಮಿಟುಕಿಸದೆ ಮುದುಕರನ್ನು ನೋಡುತ್ತ ಕೂತಳು. ಅಧಿಕಾರಿ ದಂಡೆಯ ದಾರಿ ಜನರದ್ದೆಂದು ತೀರ್ಪು ಓದಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ. ಮೆಟ್ಟಿಲಿಳಿಯುವಾಗ ಒಂದೇ ಮಾತು ಆಡಿದಳು: “ದಡ್ಡ ಅಂದ್ಬಿಟ್ನಲ್ಲೋ. ಇಷ್ಟು ವರ್ಷ ದಡ್ಡ ಅಂದೆ.”

ಬೀಗ ತೆಗೆದ ಮರುದಿನ ನಾನು ರಜೆ ಹಾಕಿ ಅವಳ ಜೊತೆ ಹೊರಟೆ. ಒಬ್ಬಳನ್ನೇ ಕಳಿಸಲು ಧೈರ್ಯ ಬರಲಿಲ್ಲ. ಒಂಬತ್ತೂವರೆ. ಗುಮ್ಮ ಕಲ್ಲಿನ ಮೇಲೆ ಕೂತಿರಲಿಲ್ಲ, ಗೇಟನ್ನು ತೆರೆದು ಹಿಡಿದುಕೊಂಡು ನಿಂತಿದ್ದರು. ಅದು ತುಂಬ ಭಾರದ ಗೇಟು, ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಕ್ಕ ಬಂದಳು, ನಿಂತಳು. ಅಭ್ಯಾಸಬಲದಿಂದ ಅವಳ ತುಟಿ ಅಲುಗಿತು. ಆಮೇಲೆ ಬಿಗಿಯಿತು.

ಮುದುಕ ತಲೆ ಎತ್ತಿ ನೋಡಿದರು. “ಕೇಳು,” ಎಂದರು.

ಅವಳು ಸುಮ್ಮನಿದ್ದಳು.

“ಒಂದ್ಸಲ ಕೇಳು ತಾಯಿ. ಹೋಗು ಅಂತೀನಿ.”

ಅವಳು ಏನೂ ಅನ್ನಲಿಲ್ಲ. ಹೂಂ ಇಲ್ಲ, ಊಹೂಂ ಇಲ್ಲ. ಅವರ ಕಣ್ಣನ್ನೇ ನೋಡುತ್ತ ನಿಂತು, ಚೀಲವನ್ನು ಮೇಲಕ್ಕೆ ಎಳೆದುಕೊಂಡು ಗೇಟು ದಾಟಿ ಹೋದಳು. ನಾನು ಅಕ್ಕನ ಪಕ್ಷದವನೇ. ಆದರೂ ಆ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ಹಿಂದೆಯೇ ಓಡಿದೆ. ಚಪ್ಪಟೆ ಕಲ್ಲುಗಳ ಹತ್ತಿರ ಅವಳು ಒಂದು ಗಳಿಗೆ ನಿಂತಳು. ಒಂದರ ಮೇಲೆ ಕಾಲಿಟ್ಟು, ಇನ್ನೊಂದರ ದೂರ ನೋಡಿದಳು. ಅದು ದನದ ಹೆಜ್ಜೆಯಲ್ಲ, ಹೆಂಗಸಿನ ಹೆಜ್ಜೆ. ಅಲ್ಲಿ ಅವಳು ಅತ್ತಳು.

ಸೇತುವೆಯಾಚೆಯ ನಲವತ್ತು ಮನೆಗೂ ಕಾಗದ ಹಂಚಿ ನಾವು ವಾಪಸು ಬರುವಾಗ ಎರಡು ಗಂಟೆ ದಾಟಿತ್ತು. ಗುಮ್ಮ ಅಲ್ಲೇ ಇದ್ದರು. ಎರಡೂ ಕೈಯಿಂದ ಗೇಟು ಹಿಡಿದುಕೊಂಡು, ತೋಳು ನಡುಗುತ್ತಿದ್ದರೂ ಹಾಗೇ ನಿಂತಿದ್ದರು.

ಅಕ್ಕ ದಾಟಿ ಬಂದು ತಿರುಗಿ ನಿಂತಳು.

“ಬಿಡಿ ಯಜಮಾನ್ರೇ, ಕೈ ನೋಯುತ್ತೆ. ಅದು ತಾನಾಗೇ ಮುಚ್ಕೊಳ್ಳುತ್ತೆ,” ಎಂದಳು.

ಅವರು ಬಿಡಲಿಲ್ಲ.